ಬೆನ್ನು ನೆಲಕ್ಕೆ ತಾಗಿದ ಮೇಲೆ ಶುರುವಾಗುವ ಕುಸ್ತಿ: ಬಿಜೆಜೆ ಮೊದಲ ಕ್ಲಾಸಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಚಿಕ್ಕವನಿದ್ದಾಗ ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಕರೆದುಕೊಂಡು ಹೋಗುತ್ತಿದ್ದರು. ದಾವಣಗೆರೆಯವರಿಗೆ ಕುಸ್ತಿ ಯಾರೂ ಹೇಳಿಕೊಡಬೇಕಿಲ್ಲ. ಬೆನ್ನು ಮಣ್ಣಿಗೆ ತಾಗಿತಾ, ಚಿತ್. ಮುಗಿಯಿತು. ತಮಟೆ, ಶಿಳ್ಳೆ, ಗೆದ್ದವನ ಮೆರವಣಿಗೆ. ಸೋತವನು ತಲೆ ತಗ್ಗಿಸಿ ಜನರ ಮಧ್ಯೆ ಎಲ್ಲಿ ಮಾಯವಾಗುತ್ತಿದ್ದನೋ ಗೊತ್ತಿಲ್ಲ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಮೊದಲ ಬಾರಿ ಬ್ರೆಜಿಲಿಯನ್ ಜಿಯು-ಜಿತ್ಸು, ಅಂದರೆ ಬಿಜೆಜೆ ಕ್ಲಾಸಿಗೆ ಹೋದೆ. ಕೋಚ್ ಹೇಳಿದ ಮೊದಲ ಮಾತು, "ಅಂಗಾತ ಮಲಗಿ." ನಾನು ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಈ ಆಟ ಅಲ್ಲಿಂದಲೇ ಶುರು.

ಈಗ ಊರಿಗೆ ವಾಪಸ್ ಬಂದು, ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ಮ್ಯಾಟ್ ಹಾಸಿಕೊಂಡು ಹತ್ತು ಹನ್ನೆರಡು ಜನ ಸಂಜೆ ಹೊತ್ತು ಅಭ್ಯಾಸ ಮಾಡುತ್ತೇವೆ. ಹೊಸಬರು ಬಂದಾಗಲೆಲ್ಲ ಅದೇ ಪ್ರಶ್ನೆ, ಅದೇ ಭಯ, ಅದೇ ತಪ್ಪು. ಅದಕ್ಕೇ ಇದನ್ನು ಒಂದೇ ಸಲ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ಮೊದಲು ಇದು ಏನು, ಎಲ್ಲಿಂದ ಬಂತು

ಚುಟುಕಾಗಿ ಹೇಳುತ್ತೇನೆ. ಮಿತ್ಸುಯೊ ಮೇಡಾ ಅಂತ ಜಪಾನಿನ ಜೂಡೋ ಪಟು. 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅಲ್ಲಿ ಅವರ ಹತ್ತಿರ ಕಲಿತ ಹುಡುಗರಲ್ಲಿ ಕಾರ್ಲೊಸ್ ಗ್ರೇಸಿ ಒಬ್ಬ. ಅವರ ತಮ್ಮ ಹೆಲಿಯೊ ಗ್ರೇಸಿ ಮೈಕಟ್ಟಿನಲ್ಲಿ ತೆಳ್ಳಗಿದ್ದವರು. ಎತ್ತಿ ಒಗೆಯುವುದಕ್ಕಿಂತ ನೆಲದ ಮೇಲೆ ಸನ್ನೆಗೋಲಿನ ಲೆಕ್ಕದಲ್ಲಿ ಗೆಲ್ಲುವ ಪಟ್ಟುಗಳ ಮೇಲೆ ಈ ಮನೆತನ ಜಾಸ್ತಿ ಕೆಲಸ ಮಾಡಿತು. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ಕಲೆಯವರು ಎದುರಾಗುವ ಹೊಡೆದಾಟದ ಪಂದ್ಯ, ಮೊದಲ ಯುಎಫ್‌ಸಿ, ನಡೆದಾಗ ಹೆಲಿಯೊ ಅವರ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಆಮೇಲೆ ಜಗತ್ತು ತಿರುಗಿ ನೋಡಿತು. ಬಿಜೆಜೆಯಲ್ಲಿ ಗುದ್ದು ಇಲ್ಲ, ಒದೆ ಇಲ್ಲ. ಹಿಡಿ, ಕೆಡವು, ಮೇಲೆ ಕೂರು, ಕೀಲು ತಿರುಗಿಸು ಅಥವಾ ಕುತ್ತಿಗೆ ಬಿಗಿ. ಎದುರಿನವನು ಸೋತೆ ಅಂತ ಕೈ ತಟ್ಟಿದರೆ ಬಿಡು. ಇಷ್ಟೇ.

ಕ್ಲಾಸು ಹುಡುಕುವುದು

ದೊಡ್ಡ ಊರಲ್ಲಾದರೆ ಆಯ್ಕೆ ಇರುತ್ತದೆ. ನಮ್ಮಂಥ ಊರಲ್ಲಿ ಜಿಮ್ಮಿನವರೋ ಕರಾಟೆ ಕ್ಲಾಸಿನವರೋ ಬೋರ್ಡಿನ ಮೂಲೆಯಲ್ಲಿ "ಬಿಜೆಜೆ, ಎಂಎಂಎ" ಅಂತ ಬರೆಸಿರುತ್ತಾರೆ. ಬೋರ್ಡು ನೋಡಿ ದುಡ್ಡು ಕಟ್ಟಬೇಡಿ. ಒಂದು ಪ್ರಶ್ನೆ ಕೇಳಿ: "ಸರ್, ನಿಮ್ಮ ಬೆಲ್ಟ್ ಯಾವುದು, ಯಾರು ಕೊಟ್ಟಿದ್ದು?" ಇದು ಅಧಿಕಪ್ರಸಂಗ ಅಲ್ಲ. ಬಿಜೆಜೆಯಲ್ಲಿ ಗುರು ಯಾರು, ಗುರುವಿನ ಗುರು ಯಾರು ಅನ್ನುವುದನ್ನು ಎಲ್ಲರೂ ಬಿಚ್ಚಿ ಹೇಳುತ್ತಾರೆ. ದೊಡ್ಡವರಿಗೆ ಬೆಲ್ಟು ಐದು: ಬಿಳಿ, ನೀಲಿ, ನೇರಳೆ, ಕಂದು, ಕಪ್ಪು. ಕಪ್ಪು ಬೆಲ್ಟಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಹಾಗಾಗಿ ಸಣ್ಣ ಊರಲ್ಲಿ ನೀಲಿ ಬೆಲ್ಟಿನವರು ಹೇಳಿಕೊಡುತ್ತಿದ್ದರೆ ಮೂಗು ಮುರಿಯಬೇಡಿ, ಹೊಸಬನಿಗೆ ಕಲಿಸುವಷ್ಟು ಅವರಲ್ಲಿ ಇರುತ್ತದೆ. ಸುಳ್ಳು ಹೇಳುವವರು ಮಾತ್ರ ಬೇಡ.

ಇನ್ನೊಂದು, ಒಂದು ದಿನ ಸುಮ್ನೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಮ್ಯಾಟ್ ಒರೆಸುತ್ತಾರಾ? ಯಾರಾದರೂ ತಟ್ಟಿದ ತಕ್ಷಣ ಬಿಡುತ್ತಾರಾ? ಹೊಸ ಹುಡುಗನನ್ನು ಹಳಬರು ಸೇರಿಕೊಂಡು ರುಬ್ಬುತ್ತಿದ್ದಾರಾ? ಈ ಮೂರು ನೋಡಿದರೆ ಸಾಕು.

ಹೋಗುವ ದಿನದ ತಯಾರಿ

ಬಟ್ಟೆ: ಬಿಜೆಜೆ ಎರಡು ಥರ. ಗೀ ಅಂತ ಕರೆಯುವ ದಪ್ಪ ಹತ್ತಿಯ ಕೋಟು-ಪ್ಯಾಂಟು ಹಾಕಿಕೊಂಡು ಆಡುವುದು ಒಂದು, ಗೀ ಇಲ್ಲದೆ ಬಿಗಿ ಟೀ ಶರ್ಟು ಚಡ್ಡಿಯಲ್ಲಿ ಆಡುವುದು ಇನ್ನೊಂದು. ಮೊದಲ ದಿನವೇ ಗೀ ಕೊಳ್ಳಬೇಡಿ, ಎಷ್ಟೋ ಜನ ಮೂರನೇ ವಾರ ಬರುವುದಿಲ್ಲ, ಗೀ ಅಲ್ಮೇರಾದಲ್ಲಿ ಕೊಳೆಯುತ್ತದೆ. ಮೈಗೆ ಅಂಟುವ ಟೀ ಶರ್ಟು, ಜೇಬು ಜಿಪ್ಪು ಇಲ್ಲದ ಟ್ರ್ಯಾಕ್ ಪ್ಯಾಂಟ್ ಸಾಕು. ಜೇಬಿನ ಮಾತು ಯಾಕೆ ಅಂದರೆ, ನನ್ನ ಬೆರಳು ಒಬ್ಬರ ಜೇಬಿನಲ್ಲಿ ಸಿಕ್ಕಿಕೊಂಡು ತಿರುಚಿ ಎರಡು ವಾರ ಪೆನ್ನು ಹಿಡಿಯಲಾಗಲಿಲ್ಲ.

ಉಗುರು: ಕೈದೂ ಕಾಲಿಂದೂ ಪೂರ್ತಿ ಕತ್ತರಿಸಿ. ಉಂಗುರ, ಕಿವಿಯೋಲೆ, ಕೊರಳ ಸರ, ಬೆಳ್ಳಿ ಕಡಗ ಎಲ್ಲ ಮನೆಯಲ್ಲೇ ಬಿಡಿ. ಉಡುದಾರ, ಲಿಂಗದ ಕರಡಿಗೆ, ತಾಳಿ ತೆಗೆಯಲು ಮನಸ್ಸಿಲ್ಲದವರು ಕೋಚ್ ಹತ್ತಿರ ಮೊದಲೇ ಮಾತಾಡಿ. ಉಡುದಾರ ಹಾಗೂ ಹೀಗೂ ನಡೆಯುತ್ತದೆ, ಆದರೆ ಕೊರಳಲ್ಲಿ ಏನಾದರೂ ಇದ್ದರೆ ಅದು ನಿಮಗೇ ಉರುಳಾಗಬಹುದು. ಅದನ್ನು ಕ್ಲಾಸಿನ ಹೊತ್ತಿಗೆ ಬಿಚ್ಚಿ ಶುಚಿಯಾದ ಕಡೆ ಇಡುವವರೇ ಜಾಸ್ತಿ.

ಊಟ: ಇದನ್ನು ದಾವಣಗೆರೆಯವರಿಗೆ ಒತ್ತಿ ಹೇಳಲೇಬೇಕು. ಸಂಜೆ ಕ್ಲಾಸಿಗೆ ಮುಂಚೆ ಬೆಣ್ಣೆ ದೋಸೆ ಬೇಡ. ಮಂಡಕ್ಕಿ ಮಿರ್ಚಿ ಅಂತೂ ಬೇಡವೇ ಬೇಡ. ಎದೆ ಮೇಲೆ ಎಂಬತ್ತು ಕೆಜಿಯ ಮನುಷ್ಯ ಕೂತಾಗ ಮಿರ್ಚಿ ಎಲ್ಲಿಂದ ಎಲ್ಲಿಗೆ ಬರುತ್ತದೆ ಅಂತ ವಿವರಿಸಬೇಕಿಲ್ಲ ಅಲ್ವಾ? ಎರಡು ಗಂಟೆ ಮುಂಚೆ ಹಗುರವಾಗಿ ಏನಾದರೂ ತಿನ್ನಿ, ಬಾಳೆಹಣ್ಣು ಆದರೆ ಒಂದು ಗಂಟೆ ಮುಂಚೆ ಆದೀತು. ನೀರು ಬೆಳಿಗ್ಗೆಯಿಂದಲೇ ಕುಡಿಯುತ್ತಿರಿ. ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಶೀಟಿನ ಕೆಳಗೆ ಕ್ಲಾಸು ಅಂದರೆ ಸ್ನಾನ ಮಾಡಿದಷ್ಟು ಬೆವರುತ್ತೀರಿ.

ಬಿಪಿ, ಫಿಟ್ಸ್, ಬೆನ್ನಿನ ಡಿಸ್ಕ್, ಕುತ್ತಿಗೆ ನೋವು, ಹಳೇ ಮಂಡಿ ಪೆಟ್ಟು ಇದ್ದರೆ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಕೋಚ್‌ಗೆ ಹೇಳಿ. ನಾಚಿಕೊಂಡು ಮುಚ್ಚಿಡಬೇಡಿ.

ಒಳಗೆ ಕಾಲಿಟ್ಟ ಮೇಲೆ

ಹತ್ತು ನಿಮಿಷ ಮುಂಚೆ ಹೋಗಿ. ಮ್ಯಾಟಿನ ಮೇಲೆ ಚಪ್ಪಲಿ ಇಲ್ಲ, ಮ್ಯಾಟಿನ ಹೊರಗೆ ಬರಿಗಾಲಿಲ್ಲ. ಇದು ಗರಡಿಯ ನಿಯಮದ ಹಾಗೇ. ಗರಡಿ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಇಳಿಯುತ್ತಾರಲ್ಲ, ಇಲ್ಲಿ ತುಸು ಬಾಗಿ ಮ್ಯಾಟಿಗೆ ಬರುತ್ತಾರೆ. ಬಾತ್ರೂಮಿಗೆ ಹೋಗುವಾಗ ಚಪ್ಪಲಿ ಹಾಕದೆ ಹೋಗಿ ಅದೇ ಕಾಲಲ್ಲಿ ಮ್ಯಾಟಿಗೆ ಬಂದರೆ ಎಷ್ಟೇ ಒಳ್ಳೆಯ ಕೋಚ್ ಆದರೂ ಬೈಯುತ್ತಾರೆ, ಬೈಯಲೇಬೇಕು.

ಶುರುವಿನಲ್ಲಿ ಬೆಲ್ಟಿನ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ನೀವು ಕೊನೆಗೆ. ನಿಮಗೆ ಗೀ ಎರವಲು ಕೊಟ್ಟರೆ ಬೆಲ್ಟು ಕಟ್ಟುವುದು ಹೀಗೆ: ಬೆಲ್ಟಿನ ನಡುಭಾಗ ಹೊಕ್ಕುಳಿಗೆ ಇಟ್ಟು ಎರಡೂ ತುದಿ ಬೆನ್ನ ಹಿಂದೆ ಸುತ್ತಿ ಮುಂದೆ ತನ್ನಿ, ಒಂದು ತುದಿಯನ್ನು ಎರಡೂ ಸುತ್ತಿನ ಅಡಿಯಿಂದ ತೂರಿಸಿ ಮೇಲಕ್ಕೆ ಎಳೆಯಿರಿ, ಆಮೇಲೆ ಒಂದು ಗಂಟು. ತಪ್ಪಾದರೂ ಚಿಂತೆಯಿಲ್ಲ, ಐದು ನಿಮಿಷಕ್ಕೆ ಬಿಚ್ಚಿಹೋಗುತ್ತದೆ, ಎಲ್ಲರದ್ದೂ ಬಿಚ್ಚಿಹೋಗುತ್ತದೆ.

ವಾರ್ಮ್ ಅಪ್: ನೆಲದ ಮೇಲೆ ತೆವಳುವುದು

ಓಟ, ಕೈಕಾಲು ಬಿಡಿಸುವುದು ನಿಮಗೆ ಗೊತ್ತಿರುವುದೇ. ವಿಚಿತ್ರ ಅನಿಸುವುದು ಅದರ ಮುಂದಿನದು. ಮುಂದಕ್ಕೆ ಲಾಗ, ಹಿಂದಕ್ಕೆ ಲಾಗ. ಲಾಗ ಹಾಕುವಾಗ ನೆತ್ತಿ ಮೇಲಲ್ಲ, ಒಂದು ಭುಜದಿಂದ ಎದುರಿನ ಸೊಂಟಕ್ಕೆ ಉರುಳಬೇಕು. ಬರದಿದ್ದರೆ "ಬರಲ್ಲ ಸರ್" ಅನ್ನಿ, ಕುತ್ತಿಗೆ ಉಳುಕಿಸಿಕೊಳ್ಳಬೇಡಿ. ಬೀಳುವುದನ್ನು ಕಲಿಸುತ್ತಾರೆ: ಗದ್ದ ಎದೆಗೆ, ಕೈ ಮ್ಯಾಟಿಗೆ ಚಪ್ಪರಿಸುವುದು, ಅಂಗೈ ಊರಿ ಬೀಳಬಾರದು.

ಮತ್ತೆ ಬರುತ್ತದೆ ಶ್ರಿಂಪ್. ಸೀಗಡಿ ಅಂತ ಅರ್ಥ, ಅದರ ಹಾಗೇ ಮೈ ಮಡಚುವುದು. ಅಂಗಾತ ಮಲಗಿ, ಒಂದು ಪಾದ ಊರಿ, ಸೊಂಟ ಎತ್ತಿ, ಪಕ್ಕಕ್ಕೆ ಹೊರಳಿ ಅಂಡನ್ನು ಹಿಂದಕ್ಕೆ ತಳ್ಳಬೇಕು. ಕೈ ಎದುರಿನವನನ್ನು ತಳ್ಳುವ ಹಾಗೆ ಮುಂದೆ. ಉದ್ದಕ್ಕೆ ಹೀಗೇ ಹೋಗಬೇಕು. ಹಳಬರು ಹಾವಿನ ಹಾಗೆ ಸರಸರ ಹೋಗುತ್ತಾರೆ, ನೀವು ಇದ್ದಲ್ಲೇ ಒದ್ದಾಡುತ್ತೀರಿ. ನಾನು ಮೊದಲ ದಿನ ಮ್ಯಾಟಿನ ಈ ತುದಿಯಿಂದ ಹೊರಟು ಅಡ್ಡಡ್ಡ ಹೋಗಿ ಗೋಡೆಗೆ ತಲೆ ಹೊಡೆಸಿಕೊಂಡೆ. ನಗುವವರು ನಗಲಿ. ಕೆಳಗಿದ್ದವನು ತಪ್ಪಿಸಿಕೊಳ್ಳುವ ಎಷ್ಟೋ ಪಟ್ಟುಗಳ ಬೇರು ಇದರಲ್ಲೇ ಇದೆ, ಜಾಗ ಮಾಡಿಕೊಳ್ಳದೆ ಯಾರೂ ಎದ್ದು ಬರಲಾಗುವುದಿಲ್ಲ.

ಅಂದಿನ ಪಟ್ಟು

ವಾರ್ಮ್ ಅಪ್ ಮುಗಿದ ಮೇಲೆ ಕೋಚ್ ನಡುವೆ ಕೂತು ಒಂದೋ ಎರಡೋ ಪಟ್ಟು ತೋರಿಸುತ್ತಾರೆ. ಪಟ್ಟಿಗಿಂತ ಮೊದಲು ನಿಮಗೆ ಜಾಗಗಳ ಹೆಸರು ಗೊತ್ತಿರಬೇಕು, ಇಲ್ಲದಿದ್ದರೆ ಏನೂ ತಲೆಗೆ ಹೋಗುವುದಿಲ್ಲ. ಮೌಂಟ್ ಅಂದರೆ ಒಬ್ಬ ಇನ್ನೊಬ್ಬನ ಎದೆ-ಹೊಟ್ಟೆ ಮೇಲೆ ಕುದುರೆ ಹತ್ತಿದ ಹಾಗೆ ಕೂರುವುದು. ಸೈಡ್ ಕಂಟ್ರೋಲ್ ಅಂದರೆ ಪಕ್ಕದಿಂದ ಎದೆ ಒತ್ತಿ ಮಲಗುವುದು. ಬ್ಯಾಕ್ ಅಂದರೆ ಬೆನ್ನಿಗೆ ಬೇತಾಳನ ಹಾಗೆ ಅಂಟಿಕೊಳ್ಳುವುದು. ಇನ್ನು ಗಾರ್ಡ್. ಕೆಳಗೆ ಅಂಗಾತ ಬಿದ್ದವನು ತನ್ನ ಎರಡೂ ಕಾಲಿನಿಂದ ಮೇಲಿನವನ ಸೊಂಟ ಸುತ್ತಿ ಹಿಡಿದುಕೊಂಡರೆ ಅದು ಕ್ಲೋಸ್ಡ್ ಗಾರ್ಡ್.

ಕುಸ್ತಿ ನೋಡಿ ಬೆಳೆದವರಿಗೆ ಗಾರ್ಡ್ ಅರಗುವುದಿಲ್ಲ. ಒಂದು ಸಂಜೆ ನಮ್ಮಲ್ಲಿಗೆ ಹಳೇ ಪೈಲ್ವಾನರೊಬ್ಬರು ಮೊಮ್ಮಗನನ್ನು ಬಿಡಲು ಬಂದಿದ್ದರು. ಕೆಳಗೆ ಬಿದ್ದ ಹುಡುಗನನ್ನು ನೋಡಿ, "ಏ ಚಿತ್ ಆತಲ್ಲೋ, ಬಿಡ್ರೋ, ಇನ್ನೇನ್ ಒದ್ದಾಡ್ತೀರಿ" ಅಂದರು. ಅಷ್ಟರಲ್ಲಿ ಕೆಳಗಿದ್ದ ಹುಡುಗ ಕಾಲು ಎತ್ತಿ ಮೇಲಿನವನ ಕೈಯನ್ನು ತೊಡೆ ಮಧ್ಯೆ ಸಿಕ್ಕಿಸಿ ಆರ್ಮ್‌ಬಾರ್, ಅಂದರೆ ಮೊಣಕೈ ಕೀಲನ್ನು ಹಿಂದಕ್ಕೆ ಬಗ್ಗಿಸುವ ಪಟ್ಟು ಹಾಕಿದ. ಮೇಲಿದ್ದವನು ತಟ್ಟಿದ. ಅಜ್ಜ ಸ್ವಲ್ಪ ಹೊತ್ತು ಮೀಸೆ ಸವರಿಕೊಂಡು, "ಅಲ್ಲಪಾ, ಗೆದ್ದಿದ್ದು ಯಾರು ಈಗ?" ಅಂತ ಕೇಳಿದರು. "ಕೆಳಗಿದ್ದವನು, ಅಜ್ಜಾ," ಅಂದೆ. ಮೊಮ್ಮಗನನ್ನು ಬಿಟ್ಟು ಹೋಗಲು ಬಂದವರು ಕ್ಲಾಸು ಮುಗಿಯುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಪಂದ್ಯದ ಅಂಕ ನೋಡಿದರೂ ಇದೇ ಲೆಕ್ಕ. ಎದುರಾಳಿಯನ್ನು ಕೆಡವಿದರೆ ಬರೀ 2 ಅಂಕ. ಕೆಳಗಿಂದ ಮಗುಚಿ ಮೇಲೆ ಬಂದರೂ 2. ಗಾರ್ಡ್ ದಾಟಿ ಪಕ್ಕಕ್ಕೆ ಬಂದು ಹಿಡಿದರೆ 3. ಮೌಂಟ್ ಅಥವಾ ಬ್ಯಾಕ್ ಸಿಕ್ಕರೆ 4. ತಟ್ಟಿಸಿದರೆ ಅಂಕದ ಮಾತೇ ಇಲ್ಲ, ಆಟ ಮುಗಿಯಿತು.

ಮೊದಲ ದಿನ ಬಹುತೇಕ ಕಲಿಸುವುದು ಮೌಂಟಿನಿಂದ ತಪ್ಪಿಸಿಕೊಳ್ಳುವುದನ್ನು. ಇದನ್ನು ಈಗಲೇ ತಲೆಗೆ ಹಾಕಿಕೊಂಡು ಹೋಗಿ, ಅರ್ಧ ಕೆಲಸ ಆದ ಹಾಗೆ.

ನೀವು ಕೆಳಗೆ, ಅವನು ಎದೆ ಮೇಲೆ. ಮೊದಲ ಆಸೆ ಏನೆಂದರೆ ಎರಡೂ ಕೈ ಚಾಚಿ ಅವನ ಎದೆ ತಳ್ಳುವುದು. ಅದೊಂದನ್ನು ಮಾಡಬೇಡಿ, ಚಾಚಿದ ಕೈಯನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ, ಗೊತ್ತಿದ್ದವನು ಆರ್ಮ್‌ಬಾರ್ ಹಾಕುತ್ತಾನೆ. ಮೊಣಕೈ ಪಕ್ಕೆಗೆ ಅಂಟಿಸಿ. ಅವನು ನಿಮ್ಮ ಎದೆ ಮೇಲೋ ಕಾಲರಿಗೋ ಕೈ ಇಟ್ಟಾಗ, ಅವನ ಒಂದು ಕೈಯ ಮಣಿಕಟ್ಟನ್ನೂ ಮೊಣಕೈಯನ್ನೂ ನಿಮ್ಮ ಎರಡು ಕೈಯಿಂದ ಹಿಡಿದು ಎದೆಗೆ ಒತ್ತಿಕೊಳ್ಳಿ. ಈಗ ಅದೇ ಕಡೆಯ ಅವನ ಪಾದದ ಹೊರಗೆ ನಿಮ್ಮ ಪಾದ ಇಟ್ಟು ಸಿಕ್ಕಿಸಿ. ಇನ್ನೊಂದು ಪಾದ ನಿಮ್ಮ ಅಂಡಿನ ಹತ್ತಿರ ಊರಿ. ಈಗ ಸೊಂಟವನ್ನು ಮೇಲಕ್ಕೆ ಎಸೆಯಿರಿ, ಸೇತುವೆಯ ಹಾಗೆ, ಎಷ್ಟು ಎತ್ತರ ಆಗುತ್ತೋ ಅಷ್ಟು. ಎತ್ತಿದ ಮೇಲೆ, ಸಿಕ್ಕಿಸಿದ ಕಡೆಯ ಭುಜದ ಮೇಲೆ ಓರೆಯಾಗಿ ಉರುಳಿ. ಅವನಿಗೆ ಆ ಕಡೆ ಊರಲು ಕೈಯೂ ಇಲ್ಲ, ಕಾಲೂ ಇಲ್ಲ. ಒಂದು ಕಾಲು ಕಳೆದುಕೊಂಡ ಮೇಜಿನ ಹಾಗೆ ಮಗುಚುತ್ತಾನೆ. ನೀವು ಮೇಲೆ, ಅವನ ಗಾರ್ಡ್ ಒಳಗೆ.

ಹೊಸಬರೆಲ್ಲ ಮಾಡುವ ತಪ್ಪು ಎರಡು. ಪಾದ ಸಿಕ್ಕಿಸುವುದನ್ನು ಮರೆಯುತ್ತಾರೆ. ಇಲ್ಲ, ಸೊಂಟ ಎತ್ತದೆ ಮೊದಲೇ ಪಕ್ಕಕ್ಕೆ ಹೊರಳುತ್ತಾರೆ. ಎರಡೂ ಸರಿಮಾಡಿದ ದಿನ ಐವತ್ತೈದು ಕೆಜಿಯ ಹುಡುಗಿ ಎಂಬತ್ತು ಕೆಜಿಯವನನ್ನು ಮಗುಚುವುದನ್ನು ನೀವೇ ನೋಡುತ್ತೀರಿ, ನಾನು ಮಗುಚಿಸಿಕೊಂಡಿದ್ದೇನೆ.

ಪಾರ್ಟ್ನರ್ ಜೊತೆ ಸರತಿಯಲ್ಲಿ ಅಭ್ಯಾಸ ಮಾಡುವಾಗ ಕಲ್ಲಿನ ಹಾಗೆ ಬಿಗಿದುಕೊಳ್ಳಬೇಡಿ, ಹತ್ತಿಯ ಮೂಟೆಯ ಹಾಗೆ ಬಿದ್ದುಕೊಳ್ಳಲೂ ಬೇಡಿ. ಅವನಿಗೂ ಕಲಿಯಲು ಬಿಡಿ. ನೀವೂ ಮೊದಲ ದಿನದವರು ಎಂಬುದು ನೆನಪಿರಲಿ, ಪಕ್ಕದವನಿಗೆ ಪಾಠ ಹೇಳಲು ಹೊರಡಬೇಡಿ. ಗರಡಿ ಹಿನ್ನೆಲೆಯಿಂದ ಬಂದವರಿಗೆ ಈ ಮಾತು ಡಬಲ್.

ರೋಲಿಂಗ್, ಮತ್ತು ಮೀಸೆ ಮಣ್ಣಾಗುವ ವಿಷಯ

ಕೊನೆಯ ಅರ್ಧ ಗಂಟೆ ರೋಲಿಂಗ್, ಅಂದರೆ ನಿಜವಾದ ಜಗ್ಗಾಟ. ಐದೋ ಆರೋ ನಿಮಿಷದ ಸುತ್ತು. ಕೆಲವು ಕಡೆ ಮೊದಲ ದಿನ ಹೊಸಬರನ್ನು ಇಳಿಸುವುದಿಲ್ಲ, ಕೆಲವು ಕಡೆ ಮೌಂಟಿನಿಂದ ತಪ್ಪಿಸಿಕೊಳ್ಳುವಷ್ಟು ಮಾತ್ರ ಆಡಿಸುತ್ತಾರೆ. ಬೇಡ ಅನಿಸಿದರೆ ಬೇಡ ಅನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಇಳಿದರೆ ಏನಾಗುತ್ತದೆ? ಮೊದಲ ಒಂದೂವರೆ ನಿಮಿಷದಲ್ಲಿ ನಿಮ್ಮ ಉಸಿರು ಖಾಲಿ. ಜಿಮ್ಮಿನಲ್ಲಿ ನೂರು ಕೆಜಿ ಎತ್ತುವವರದ್ದೂ ಖಾಲಿ. ಯಾಕೆಂದರೆ ನೀವು ಉಸಿರು ಬಿಗಿಹಿಡಿದು ಪೂರ್ತಿ ಬಲ ಹಾಕುತ್ತಿರುತ್ತೀರಿ. ನಿಮಗಿಂತ ಹತ್ತು ಕೆಜಿ ಕಡಿಮೆ ಇರುವವನು ಆರಾಮಾಗಿ ಎಲ್ಲೆಲ್ಲೋ ಕೂತು, ಏನೇನೋ ಹಿಡಿದು ನಿಮ್ಮನ್ನು ತಟ್ಟಿಸುತ್ತಾನೆ. ಮತ್ತೆ ಶುರು. ಮತ್ತೆ ತಟ್ಟಿಸುತ್ತಾನೆ.

ತಟ್ಟುವುದನ್ನು ಕಲಿಯಿರಿ. ಇದು ಮೊದಲ ದಿನದ ನಿಜವಾದ ಪಾಠ, ಪಟ್ಟು ಆಮೇಲೆ. ಎದುರಿನವನ ಮೈ ಮೇಲೆ ಎರಡು ಮೂರು ಸಲ ಅವನಿಗೆ ಗೊತ್ತಾಗುವ ಹಾಗೆ ತಟ್ಟಿ. ಕೈ ಸಿಕ್ಕಿಕೊಂಡಿದ್ದರೆ ಕಾಲಿನಿಂದ ಮ್ಯಾಟ್ ಬಡಿಯಿರಿ. ಅದೂ ಆಗದಿದ್ದರೆ "ಟ್ಯಾಪ್" ಅಂತ ಕೂಗಿ. ನೋವು ಬಂದ ಮೇಲೆ ಅಲ್ಲ, ಸಿಕ್ಕಿಬಿದ್ದೆ ಅಂತ ಗೊತ್ತಾದಾಗಲೇ. ಕೀಲಿನ ಪಟ್ಟುಗಳಲ್ಲಿ ನೋವಿಗೂ ಪೆಟ್ಟಿಗೂ ನಡುವೆ ಜಾಸ್ತಿ ಜಾಗ ಇರುವುದಿಲ್ಲ. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಒತ್ತುವ ಚೋಕ್ ಸರಿಯಾಗಿ ಕೂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಎಚ್ಚರ ತಪ್ಪಬಹುದು, ಅದರಲ್ಲಿ ನೋವು ಅಷ್ಟಾಗಿ ಗೊತ್ತೂ ಆಗುವುದಿಲ್ಲ.

ನಮ್ಮಲ್ಲಿ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮಾತಿದೆಯಲ್ಲ, ಇಲ್ಲಿ ಆ ಜಟ್ಟಿಗೇ ಜಾಸ್ತಿ ಪೆಟ್ಟು. ನಾನೂ ಆ ಜಟ್ಟಿಯೇ ಆಗಿದ್ದೆ. ಎರಡನೇ ವಾರ ಒಬ್ಬ ಹುಡುಗ ಅಮೆರಿಕಾನಾ ಅನ್ನುವ ಭುಜದ ಪಟ್ಟು ಹಾಕಿದ, ಕಾಲೇಜು ಹುಡುಗ, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಇವನಿಗೆ ತಟ್ಟುವುದಾ ಅಂತ ಹಲ್ಲು ಕಚ್ಚಿದೆ. ಒಂದೂವರೆ ತಿಂಗಳು ಅಂಗಿ ಹಾಕಿಕೊಳ್ಳಲು ಮನೆಯವರ ಸಹಾಯ ಬೇಕಾಯಿತು. ಅವನು ಪಾಪ ದಿನಾ ಫೋನ್ ಮಾಡಿ, "ಅಣ್ಣಾ, ಹೆಂಗಿದೆ ಭುಜ?" ಅಂತ ಕೇಳುತ್ತಿದ್ದ.

ಇನ್ನೊಂದು ಕಡೆಯಿಂದಲೂ ನೋಡಿ. ಎದುರಿನವನು ತಟ್ಟಿದರೆ ಆ ಕ್ಷಣ ಬಿಡಿ. ಗೊತ್ತಿಲ್ಲದ ಪಟ್ಟನ್ನು ಯೂಟ್ಯೂಬಿನಲ್ಲಿ ನೋಡಿ ಬಂದು ಪ್ರಯೋಗ ಮಾಡಬೇಡಿ. ಹಿಮ್ಮಡಿ ಹಿಡಿದು ಮಂಡಿ ತಿರುಚುವ ಹೀಲ್ ಹುಕ್ ಬಿಳಿ ಬೆಲ್ಟಿನವರಿಗೆ ಪಂದ್ಯದಲ್ಲೇ ನಿಷೇಧ. ಬೆರಳು ಒಂದೊಂದಾಗಿ ಹಿಡಿದು ತಿರುವುವುದೂ ಇಲ್ಲ. ಮತ್ತೆ, ಸಾಧ್ಯವಾದರೆ ಮೊದಲ ಸುತ್ತು ನೀಲಿ ಅಥವಾ ನೇರಳೆ ಬೆಲ್ಟಿನವರ ಜೊತೆ ಆಡಿ. ಭಯ ಆಗುತ್ತದೆ, ಆದರೆ ಅವರೇ ಸುರಕ್ಷಿತ. ಇಬ್ಬರು ಹೊಸಬರು ಸೇರಿದರೆ ಅದು ಬಿಜೆಜೆ ಅಲ್ಲ, ಬಸ್‌ಸ್ಟ್ಯಾಂಡ್ ಜಗಳ, ಮೊಣಕೈ ಯಾರ ಮೂಗಿಗೆ ತಾಗುತ್ತದೋ ಹೇಳಲಾಗದು.

ಹೆಂಗಸರು ಬರುವುದಾದರೆ

ಬರಬೇಕು. ಆದರೆ ಹಿಂಜರಿಕೆ ಏನೆಂದು ಗೊತ್ತಿದೆ, ಇದು ಮೈಗೆ ಮೈ ತಾಗುವ ಆಟ. ಯಾರ ಜೊತೆ ಅಭ್ಯಾಸ ಮಾಡಬೇಕು ಅನ್ನುವುದು ನಿಮ್ಮ ಆಯ್ಕೆ. ಬೇಡದವರಿಗೆ ಕಾರಣ ಕೊಡಬೇಕಿಲ್ಲ. ಮೊದಲ ದಿನ ಅಕ್ಕನೋ ಗೆಳತಿಯೋ ಜೊತೆಗೆ ಬಂದರೆ ಸುಲಭ. ಗೀ ಒಳಗೆ ಬಿಗಿಯಾದ ಉದ್ದ ತೋಳಿನ ಟೀ ಶರ್ಟು ಹಾಕಿ, ಕೂದಲು ಹೇರ್‌ಪಿನ್ ಇಲ್ಲದೆ ಬರೀ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ. ಕೋಚ್ ಆಗಲಿ ಯಾರೇ ಆಗಲಿ ಪಟ್ಟಿನ ನೆಪದಲ್ಲಿ ಮಿತಿ ಮೀರಿದರೆ ಆ ಜಾಗ ಬಿಟ್ಟು ಬನ್ನಿ, ಕಲಿಯಲು ಬೇರೆ ಜಾಗ ಸಿಗುತ್ತದೆ.

ಮನೆಗೆ ಬಂದ ಮೇಲೆ

ಮೊದಲು ಸ್ನಾನ, ಸೋಪು ಹಚ್ಚಿ. ಆಮೇಲೆ ಟೀ. ಬೆವರಿನ ಮ್ಯಾಟಿನಲ್ಲಿ ಗಜಕರ್ಣ ಬಹಳ ಸುಲಭವಾಗಿ ಹರಡುತ್ತದೆ. ಉಂಗುರದ ಹಾಗೆ ಕೆಂಪಗೆ ಕಡಿಯುವ ಕಲೆ ಕಂಡರೆ ಕ್ಲಾಸು ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ಎರಡು ದಿನ ಕಡಿತ ನಿಂತ ಹಾಗಾಗಿ, ಆಮೇಲೆ ಇನ್ನೂ ಜಾಸ್ತಿ ಹಬ್ಬುತ್ತದೆ. ಕಿವಿ ಊದಿ ಮೆತ್ತಗಾದರೂ ಡಾಕ್ಟರಿಗೆ ತೋರಿಸಿ, ಹಾಗೇ ಬಿಟ್ಟರೆ ಪೈಲ್ವಾನರ ಮುದುರಿದ ಕಿವಿ ಗಟ್ಟಿಯಾಗಿ ಉಳಿದುಬಿಡುತ್ತದೆ. ಕೆಲವರಿಗೆ ಅದೇ ಬೇಕಂತೆ, ಅದು ಬೇರೆ ವಿಷಯ.

ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಶ್ರಿಂಪ್ ಮಾಡಬೇಕಾಗುತ್ತದೆ. ಬೆರಳು, ಪಕ್ಕೆ, ಇರುವುದೇ ಗೊತ್ತಿರದಿದ್ದ ಕುತ್ತಿಗೆಯ ನರಗಳು ಎಲ್ಲ ನೋಯುತ್ತವೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕೀಲು ಊದಿದರೆ, ಕಾಲು ಊರಲಾಗದಿದ್ದರೆ ಅದು ಮೈಕೈ ನೋವಲ್ಲ, ತೋರಿಸಿ. ಮೊದಲ ತಿಂಗಳು ವಾರಕ್ಕೆ ಎರಡು ದಿನ ಸಾಕು.

ಒಂದು ತಿಂಗಳು ಬಂದಿರಿ, ಇನ್ನೂ ಬರಬೇಕು ಅನಿಸುತ್ತಿದೆ ಅಂದರೆ ಆಗ ಗೀ ತಗೊಳ್ಳಿ. ಅಳತೆ ಎ1, ಎ2 ಅಂತ ಇರುತ್ತದೆ, ಎತ್ತರ ತೂಕ ಎರಡೂ ನೋಡಿ ಆರಿಸಿ. ಹತ್ತಿ ಆದ್ದರಿಂದ ಬಿಸಿನೀರಿಗೆ ಹಾಕಿದರೆ ಕುಗ್ಗುತ್ತದೆ. ತಣ್ಣೀರಲ್ಲಿ, ಅದೇ ರಾತ್ರಿ ಒಗೆಯಿರಿ, ಬ್ಯಾಗಿನಲ್ಲಿ ಬಿಟ್ಟರೆ ಮರುದಿನ ಮನೆಯವರು ನಿಮ್ಮನ್ನೂ ಗೀಯನ್ನೂ ಒಟ್ಟಿಗೆ ಹೊರಗೆ ಹಾಕುತ್ತಾರೆ. ನೆನೆದ ಗೀ ಎಷ್ಟು ಭಾರ ಅಂದರೆ ಮೊದಲ ಸಲ ನಮ್ಮಮ್ಮ ಅದನ್ನು ಎರಡು ಕೈಯಲ್ಲಿ ಎತ್ತಿ, "ಇದೇನೋ, ಅಂಗಿನೋ ಗೋಣಿಚೀಲನೋ?" ಅಂದರು. ತಂತಿ ಗಟ್ಟಿಯಾಗಿದ್ದರೆ ಮಾತ್ರ ನೇತುಹಾಕಿ. ನಮ್ಮದು ಹರಿಯಿತು.